ಆಕಾಶದಲ್ಲೊಂದು ವಠಾರ

ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ವಠಾರವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ಒಂದೇ ಅಂಗಳ, ಅಂಗಳದ ಮೂಲೆಯಲ್ಲಿ ಒಂದೇ ನಲ್ಲಿ. ಸುತ್ತಲೂ ಆರೇಳು ಸಂಸಾರ. ನಮ್ಮ ತಾಯಿಯ ಬಾಲ್ಯ ಕಳೆದದ್ದು ಅಂಥದೊಂದು ವಠಾರದಲ್ಲಿ. ಬೆಳಗಿನ ಎರಡು ಗಂಟೆ ಬರುತ್ತಿದ್ದ ನೀರಿಗೆ ಯಾರ ಬಿಂದಿಗೆ ಮೊದಲು, ಹಬ್ಬದ ದಿನ ಅಂಗಳದಲ್ಲಿ ಯಾರ ರಂಗೋಲಿ, ಪರೀಕ್ಷೆ ಹತ್ತಿರ ಬಂದಾಗ ಯಾರ ಮನೆಯ ರೇಡಿಯೊ ದನಿ ತಗ್ಗಬೇಕು, ಇವೆಲ್ಲ ಎಲ್ಲೂ ಬರೆದಿರದ, ಆದರೆ ಎಲ್ಲರೂ ಪಾಲಿಸುತ್ತಿದ್ದ ಕಾನೂನುಗಳಂತೆ. "ಬಾಡಿಗೆ ಕಡಿಮೆ ಅಂತ ಹೋಗಿ ಸೇರಿದ್ವಿ. ಆದರೆ ಅಲ್ಲಿ ಅಷ್ಟು ವರ್ಷ ಉಳಿದದ್ದು ಬಾಡಿಗೆಗೋಸ್ಕರ ಅಲ್ಲ" ಎಂದು ಅವರು ಈಗಲೂ ಹೇಳುತ್ತಾರೆ.

ಬೇರೆ ಬೇರೆ ಸಂಸ್ಥೆಗಳು ಒಂದೇ ಜಾಗವನ್ನು, ಒಂದೇ ಸೌಲಭ್ಯವನ್ನು ಹಂಚಿಕೊಂಡು ದುಡಿಯುವ ಬಗೆಯನ್ನು ಕುರಿತು ಈ ಭಾಷಣಮಾಲೆಗೆ ಸಿದ್ಧತೆ ನಡೆಸುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ತಾಯಿಯ ಈ ಮಾತು. ಏಕೆಂದರೆ ಸ್ವತಂತ್ರ ಭಾರತ ಕಟ್ಟಿದ ಅತ್ಯಂತ ವಿಶಿಷ್ಟವಾದ ವಠಾರ ನೆಲದ ಮೇಲೆ ಇರಲಿಲ್ಲ. ಅದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಅದರ ಹೆಸರು ಇನ್ಸಾಟ್. ದೂರವಾಣಿಯವರು, ಹವಾಮಾನದವರು, ಆಕಾಶವಾಣಿಯವರು, ದೂರದರ್ಶನದವರು ಎಲ್ಲರೂ ಒಂದೇ ಉಪಗ್ರಹದ ಒಳಗೆ ಸಂಸಾರ ಹೂಡಿದ ಕಥೆಯೇ ಈ ಲೇಖನದ ವಸ್ತು.

ಬಾಡಿಗೆದಾರನಾಗಿ ಬಂದ ಟೆಲಿವಿಷನ್

ಮೊದಲಿಗೆ ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ಟೆಲಿವಿಷನ್ ಹುಟ್ಟಿದ್ದೇ ಇನ್ನೊಬ್ಬರ ಮನೆಯಲ್ಲಿ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಆಕಾಶವಾಣಿಯ ಕಟ್ಟಡದಲ್ಲೇ ಒಂದು ತಾತ್ಕಾಲಿಕ ಸ್ಟುಡಿಯೊ ಸಜ್ಜುಗೊಳಿಸಲಾಯಿತು. ಆಡಳಿತವೂ ಆಕಾಶವಾಣಿಯದೇ. 1976ರ ಏಪ್ರಿಲ್ 1ರಂದು ದೂರದರ್ಶನ ಪ್ರತ್ಯೇಕ ಸಂಸ್ಥೆಯಾಗುವವರೆಗೆ, ಅಂದರೆ ಹದಿನಾರು ವರ್ಷಕ್ಕೂ ಮಿಗಿಲಾಗಿ, ಟೆಲಿವಿಷನ್ ರೇಡಿಯೊದ ಆಶ್ರಯದಲ್ಲೇ ಬೆಳೆಯಿತು.

ಆ ಅವಧಿಯ ಕೊನೆಯಲ್ಲಿ ನಡೆದದ್ದೇ 'ಸೈಟ್' ಎಂದು ಪ್ರಸಿದ್ಧವಾದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ. ವಿಕ್ರಮ್ ಸಾರಾಭಾಯ್ ಅವರ ಕನಸಿನ ಕೂಸು ಅದು. ಅಮೆರಿಕದ ನಾಸಾ ಸಂಸ್ಥೆಯೊಡನೆ 1969ರಲ್ಲಿ ಒಪ್ಪಂದವಾಯಿತು. ಸಾರಾಭಾಯ್ 1971ರ ಡಿಸೆಂಬರ್ 30ರಂದು ತೀರಿಕೊಂಡರು. ಪ್ರಯೋಗ ಕೈಗೂಡಿದ್ದು 1975ರ ಆಗಸ್ಟ್ 1ರಂದು. ಎಟಿಎಸ್-6 ಎಂಬ ನಾಸಾದ ಉಪಗ್ರಹವನ್ನು ಅಮೆರಿಕದ ಕಡೆಯಿಂದ ಸರಿಸಿ ತಂದು, ಭಾರತಕ್ಕೆ ಕಾಣುವಂತೆ ಪೂರ್ವ ಆಫ್ರಿಕದ ನೆತ್ತಿಯ ಮೇಲೆ ನಿಲ್ಲಿಸಲಾಯಿತು. ಉಪಗ್ರಹ ನಾಸಾದ್ದು, ನೆಲದ ಮೇಲಿನ ಉಪಕರಣಗಳ ಹೊಣೆ ಇಸ್ರೋದ್ದು, ಕಾರ್ಯಕ್ರಮಗಳ ಹೊಣೆ ಮುಖ್ಯವಾಗಿ ಆಕಾಶವಾಣಿಯದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾದವು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ದೊರೆತದ್ದು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ.

ಹಳ್ಳಿಯಲ್ಲಿ ಆ ಟೆಲಿವಿಷನ್ ಪೆಟ್ಟಿಗೆಯನ್ನು ಇಡುವುದೆಲ್ಲಿ? ಅದಕ್ಕಾಗಿ ಹೊಸ ಮನೆ ಕಟ್ಟಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಶಾಲೆಯ ಕೊಠಡಿ, ಪಂಚಾಯಿತಿ ಕಟ್ಟಡ ಮೊದಲಾದ ಸಾರ್ವಜನಿಕ ಜಾಗಗಳೇ ಗತಿಯಾದವು. ಮೇಲೆ ಜಾಲರಿಯ ದೊಡ್ಡ ಕೊಡೆಯಂಥ ಆಂಟೆನಾ, ಕೆಳಗೆ ಪೆಟ್ಟಿಗೆ. ಬೆಳಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಹಗಲು ಪಾಠ ನಡೆಯುತ್ತಿದ್ದ ಶಾಲೆಯೇ ಸಂಜೆ ಊರಿಗೆಲ್ಲ ಬೇಸಾಯ, ಆರೋಗ್ಯಗಳ ಮಾತು ಕೇಳಿಸುವ ಮಂಟಪವಾಯಿತು. ಉಪಗ್ರಹದಲ್ಲಿ ಚಿತ್ರಕ್ಕೆ ಒಂದು ದಾರಿ, ಧ್ವನಿಗೆ ಎರಡು ದಾರಿ ಇದ್ದವು. ಹೀಗಾಗಿ ಒಂದೇ ಚಿತ್ರವನ್ನು ಎರಡು ಭಾಷೆಗಳಿಗೆ ಹಂಚಲು ಸಾಧ್ಯವಿತ್ತು: ಗಡಿಯ ಆಚೆಯವರು ತೆಲುಗಿನಲ್ಲಿ ಕೇಳಿದ್ದನ್ನು ಈಚೆಯವರು ಕನ್ನಡದಲ್ಲಿ ಕೇಳಬಹುದಿತ್ತು.

ಆದರೆ ಎರವಲು ಒಡವೆಗೆ ಒಂದು ಅವಧಿ ಇರುತ್ತದೆ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು. ಒಪ್ಪಂದದಂತೆ ನಾಸಾ ತನ್ನ ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡಿತು. ಹಳ್ಳಿಗಳ ಪರದೆ ಖಾಲಿಯಾಯಿತು. ಮುಂದಿನ ವರ್ಷ, 1977ರಲ್ಲಿ, ಗುಲಬರ್ಗಾದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದು ಸುತ್ತಮುತ್ತಲ ಊರುಗಳಿಗೆ ಮತ್ತೆ ಚಿತ್ರ ಕಾಣಿಸಿತು. ರಾಜಧಾನಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಂದರೆ ಟೆಲಿವಿಷನ್ ವಿಷಯದಲ್ಲಿ ಕಲ್ಯಾಣ ಕರ್ನಾಟಕ ಬೆಂಗಳೂರಿಗಿಂತ ವರ್ಷಗಳಷ್ಟು ಮುಂದಿತ್ತು ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಎಲ್ಲರಿಗೂ ಒಂದು ಮನೆ

ಸೈಟ್ ಕಲಿಸಿದ ಪಾಠ ಸ್ಪಷ್ಟವಾಗಿತ್ತು. ಉಪಗ್ರಹದಿಂದ ಕೆಲಸವಾಗುತ್ತದೆ, ಆದರೆ ಉಪಗ್ರಹ ನಮ್ಮದೇ ಆಗಿರಬೇಕು. ಹಾಗಾದರೆ ಅದನ್ನು ಕಟ್ಟಿಸುವ ಖರ್ಚು ಯಾರದು?

ಬಯಕೆ ಎಲ್ಲರಿಗೂ ಇತ್ತು. ಲೇಹ್, ಅಂಡಮಾನ್, ಲಕ್ಷದ್ವೀಪದಂಥ ತಾಣಗಳಿಗೆ ತಂತಿ ಎಳೆಯುವುದು ಕಷ್ಟವಾದ್ದರಿಂದ ಅಂಚೆ ಮತ್ತು ತಂತಿ ಇಲಾಖೆಗೆ ಉಪಗ್ರಹ ಬೇಕಿತ್ತು. ಬಂಗಾಳಕೊಲ್ಲಿಯಲ್ಲಿ ಹುಟ್ಟುವ ಚಂಡಮಾರುತವನ್ನು ಹಗಲಿರುಳೂ ಕಾಯಲು ಹವಾಮಾನ ಇಲಾಖೆಗೆ ಬೇಕಿತ್ತು. ದೇಶಕ್ಕೆಲ್ಲ ಒಂದೇ ಗಳಿಗೆಯಲ್ಲಿ ಚಿತ್ರ, ಧ್ವನಿ ತಲುಪಿಸಲು ದೂರದರ್ಶನಕ್ಕೂ ಆಕಾಶವಾಣಿಗೂ ಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಉಪಗ್ರಹ ಕೊಡುವ ಶಕ್ತಿ ಅಂದಿನ ಭಾರತಕ್ಕೆ ಇರಲಿಲ್ಲ. ಉಪಗ್ರಹದಲ್ಲಿ ಕ್ಯಾಮೆರಾ ಇರಲಿ, ರೇಡಿಯೊ ಇರಲಿ, ಅದನ್ನು ಹೊತ್ತೊಯ್ಯಲು ಒಂದು ರಾಕೆಟ್ ಬೇಕು, ವಿದ್ಯುತ್ತಿಗೆ ಸೌರಫಲಕ ಬೇಕು, ದಿಕ್ಕು ತಪ್ಪದಂತೆ ನಿಲ್ಲಿಸುವ ವ್ಯವಸ್ಥೆ ಬೇಕು. ಈ ಖರ್ಚನ್ನು ಮೂರು ಸಲ ಮಾಡುವ ಬದಲು ಒಂದು ಸಲ ಮಾಡಿದರೆ ಹೇಗೆ?

ಹೀಗೆ ರೂಪುಗೊಂಡದ್ದು ಇನ್ಸಾಟ್, ಅಂದರೆ ಭಾರತೀಯ ರಾಷ್ಟ್ರೀಯ ಉಪಗ್ರಹ ವ್ಯವಸ್ಥೆ. ಬಾಹ್ಯಾಕಾಶ ಇಲಾಖೆ, ದೂರಸಂಪರ್ಕ ನೋಡಿಕೊಳ್ಳುತ್ತಿದ್ದ ಅಂಚೆ ಮತ್ತು ತಂತಿ ಇಲಾಖೆ, ಹವಾಮಾನ ಇಲಾಖೆ, ಆಕಾಶವಾಣಿ ಮತ್ತು ದೂರದರ್ಶನ ಇದರ ಪಾಲುದಾರರು. ಆಕಾಶದಲ್ಲಿರುವ ಮನೆಯನ್ನು ಕಟ್ಟಿಸಿ ನಡೆಸುವ ಹೊಣೆ ಬಾಹ್ಯಾಕಾಶ ಇಲಾಖೆಯದು. ನೆಲದ ಮೇಲೆ ತಮ್ಮ ತಮ್ಮ ಉಪಕರಣಗಳ ಹೊಣೆ ಆಯಾ ಇಲಾಖೆಯದು. ಎಲ್ಲರನ್ನೂ ಒಂದೆಡೆ ಕೂರಿಸಿ ತೀರ್ಮಾನ ಮಾಡಲು ಇನ್ಸಾಟ್ ಸಮನ್ವಯ ಸಮಿತಿ ಎಂಬುದೊಂದು ಇತ್ತು. ವಠಾರದಲ್ಲಿ ಹಿರಿಯರೊಬ್ಬರು ಕೂತು ನಲ್ಲಿಯ ಸರದಿ ಗೊತ್ತುಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ದೂರಸಂಪರ್ಕ, ನೇರ ಟಿವಿ ಪ್ರಸಾರ, ಹವಾಮಾನ ವೀಕ್ಷಣೆ ಮೂರನ್ನೂ ಒಂದೇ ಭೂಸ್ಥಿರ ಉಪಗ್ರಹದಲ್ಲಿ ಸೇರಿಸುವುದು ಆ ಕಾಲಕ್ಕೆ ಹೊಸ ಸಾಹಸ. ಮೊದಲ ಪೀಳಿಗೆಯ ಉಪಗ್ರಹಗಳನ್ನು ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಯಿಂದ ಮಾಡಿಸಲಾಯಿತು. ಒಂದೊಂದರಲ್ಲೂ ದೂರಸಂಪರ್ಕಕ್ಕೆ 12 ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರುಗಳು, ಪ್ರಸಾರಕ್ಕೆ ಹೆಚ್ಚು ಶಕ್ತಿಯ 2 ಎಸ್-ಬ್ಯಾಂಡ್ ಟ್ರಾನ್ಸ್‌ಪಾಂಡರುಗಳು, ಮೋಡಗಳ ಚಿತ್ರ ತೆಗೆಯುವ ರೇಡಿಯೋಮೀಟರ್ ಎಂಬ ಉಪಕರಣ, ಜೊತೆಗೆ ಜನವಸತಿ ಇಲ್ಲದ ಕಡೆ ಇಟ್ಟ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿಂದ ಮಾಹಿತಿ ತರುವ ಇನ್ನೊಂದು ಟ್ರಾನ್ಸ್‌ಪಾಂಡರ್ ಇದ್ದವು. ಟ್ರಾನ್ಸ್‌ಪಾಂಡರ್ ಎಂದರೆ ನೆಲದಿಂದ ಬಂದ ಕ್ಷೀಣ ಸಂಕೇತವನ್ನು ಹಿಡಿದು, ಬಲಪಡಿಸಿ, ಬೇರೆ ಆವರ್ತನದಲ್ಲಿ ಮತ್ತೆ ನೆಲಕ್ಕೆ ಕಳುಹಿಸುವ ಸಾಧನ.

ನೆರೆಯವರಿಗಾಗಿ ಬಿಟ್ಟ ಜಾಗ

ಒಟ್ಟಿಗೆ ಬಾಳುವುದೆಂದರೆ ಒಬ್ಬರ ಅನುಕೂಲಕ್ಕೆ ಇನ್ನೊಬ್ಬರು ಸ್ವಲ್ಪ ಬಿಟ್ಟುಕೊಡುವುದು. ಇನ್ಸಾಟ್-1ರ ಆಕಾರವನ್ನು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಸಾಮಾನ್ಯವಾಗಿ ಇಂಥ ಉಪಗ್ರಹಕ್ಕೆ ಹಕ್ಕಿಯ ರೆಕ್ಕೆಗಳಂತೆ ಎರಡೂ ಕಡೆ ಸೌರಫಲಕಗಳಿರುತ್ತವೆ. ಇನ್ಸಾಟ್‌ಗೆ ಇದ್ದದ್ದು ದಕ್ಷಿಣದ ಕಡೆ ಮಾತ್ರ. ಉತ್ತರದ ಕಡೆಗೆ ಉದ್ದನೆಯ ಕೋಲು, ಅದರ ತುದಿಗೆ ಹಾಯಿಯಂಥದೊಂದು ರಚನೆ. ಏಕೆ?

ಕಾರಣ ಹವಾಮಾನ ಇಲಾಖೆಯ ಉಪಕರಣ. ರಾತ್ರಿಯ ಹೊತ್ತಿನಲ್ಲೂ ಮೋಡಗಳನ್ನು ನೋಡಬೇಕಾದರೆ ಅವುಗಳಿಂದ ಹೊರಡುವ ಶಾಖದ ಕಿರಣಗಳನ್ನು, ಅಂದರೆ ಅವಕೆಂಪು ಕಿರಣಗಳನ್ನು ಗುರುತಿಸಬೇಕು. ಗುರುತಿಸುವ ಸಾಧನವೇ ಬಿಸಿಯಾಗಿದ್ದರೆ ಅದರ ಶಾಖದಲ್ಲಿ ಮೋಡದ ಶಾಖ ಮರೆಯಾಗಿಬಿಡುತ್ತದೆ. ಆದ್ದರಿಂದ ಆ ಸಾಧನವನ್ನು ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಇಡಬೇಕು. ಅದಕ್ಕೆ ಉಪಾಯವೆಂದರೆ ಕಪ್ಪು, ತಣ್ಣನೆಯ ಬಾಹ್ಯಾಕಾಶಕ್ಕೆ ಅದರ ಶೀತಕವನ್ನು ತೆರೆದಿಡುವುದು. ಉತ್ತರದ ಕಡೆ ಬಿಸಿಯಾದ ಸೌರಫಲಕ ಅಡ್ಡ ಬಂದರೆ ಈ ಉಪಾಯ ಕೆಡುತ್ತದೆ. ಹೀಗಾಗಿ ಆ ಕಡೆಯ ಫಲಕವನ್ನೇ ಕೈಬಿಡಲಾಯಿತು.

ಇಲ್ಲಿಗೆ ಸಮಸ್ಯೆ ಮುಗಿಯಲಿಲ್ಲ. ಸೂರ್ಯನ ಬೆಳಕಿಗೂ ಅತ್ಯಲ್ಪವಾದ ಒತ್ತಡವಿದೆ. ಒಂದೇ ಕಡೆ ಫಲಕವಿದ್ದರೆ ಆ ಒತ್ತಡ ಉಪಗ್ರಹವನ್ನು ಸದಾ ಒಂದೇ ಕಡೆಯಿಂದ ನೂಕುತ್ತಲೇ ಇರುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಗೆ ಕಲ್ಲು ಹಾಕಿದಂತೆ, ಉತ್ತರದ ಕಡೆ ಹಾಯಿ ಇಟ್ಟು ಅದನ್ನು ಸರಿದೂಗಿಸಲಾಯಿತು. ಹವಾಮಾನದವರ ಒಂದು ಕಣ್ಣಿಗಾಗಿ ದೂರವಾಣಿ ಮತ್ತು ಟೆಲಿವಿಷನ್‌ನವರೂ ಈ ತೊಡಕಿನ ರಚನೆಯನ್ನು ಒಪ್ಪಿಕೊಂಡರು.

ಸೂರು ಕುಸಿದಾಗ

ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಅಮೆರಿಕದ ಡೆಲ್ಟಾ ರಾಕೆಟ್ ಏರಿ ಹೊರಟಿತು. ಮೊದಲ ದಿನಗಳಿಂದಲೇ ತೊಂದರೆ. ಮಡಚಿದ್ದ ಸಿ-ಬ್ಯಾಂಡ್ ಆಂಟೆನಾ ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಹರಸಾಹಸ ಮಾಡಿ ಅದನ್ನು ಬಿಡಿಸಿದರು. ಹಾಯಿ ಮಾತ್ರ ಬಿಚ್ಚಿಕೊಳ್ಳಲೇ ಇಲ್ಲ. ತಕ್ಕಡಿಗೆ ಕಲ್ಲು ಇಲ್ಲವಾದ್ದರಿಂದ ಉಪಗ್ರಹವನ್ನು ನೆಟ್ಟಗೆ ನಿಲ್ಲಿಸಲು ಪದೇ ಪದೇ ಇಂಧನ ಸುಡಬೇಕಾಯಿತು. ಸೆಪ್ಟೆಂಬರ್ ಆರಂಭದಲ್ಲಿ ಅದು ಭೂಮಿಯ ಕಡೆ ಮುಖಮಾಡಿ ನಿಲ್ಲುವ ಹಿಡಿತವನ್ನು ಕಳೆದುಕೊಂಡಿತು. ಇಂಧನವೂ ಮುಗಿಯಿತು. ಏಳು ವರ್ಷ ಬಾಳಬೇಕಾಗಿದ್ದ ಉಪಗ್ರಹ ಐದು ತಿಂಗಳಲ್ಲಿ ನಿರುಪಯುಕ್ತವಾಯಿತು.

ಗಮನಿಸಿ: ಅದರ ದೂರವಾಣಿ ಟ್ರಾನ್ಸ್‌ಪಾಂಡರುಗಳು ಕೆಟ್ಟಿರಲಿಲ್ಲ. ಆದರೂ ದೂರವಾಣಿಯವರು ಎಲ್ಲವನ್ನೂ ಕಳೆದುಕೊಂಡರು. ದೂರದರ್ಶನವೂ ಕಳೆದುಕೊಂಡಿತು. ಯಾರ ಉಪಕರಣಕ್ಕಾಗಿ ಹಾಯಿ ಬೇಕಾಗಿತ್ತೋ ಆ ಹವಾಮಾನ ಇಲಾಖೆಯೂ ಕಳೆದುಕೊಂಡಿತು. ಹಂಚಿಕೊಂಡ ಸೂರಿನ ದೊಡ್ಡ ಅಪಾಯ ಇದೇ. ಅದು ಬಿದ್ದರೆ ಒಬ್ಬರ ಮೇಲೆ ಬೀಳುವುದಿಲ್ಲ, ಎಲ್ಲರ ಮೇಲೆ ಬೀಳುತ್ತದೆ.

ಇಂಥ ಹೊತ್ತಿನಲ್ಲಿ "ನಮ್ಮದು ನಮಗೆ ಪ್ರತ್ಯೇಕ ಕೊಡಿ" ಎಂಬ ಕೂಗು ಏಳುವುದು ಸಹಜ. ಆದರೆ ವ್ಯವಸ್ಥೆ ಒಡೆಯಲಿಲ್ಲ. ಅದೇ ವಿನ್ಯಾಸದ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ಹೊರಟಿತು. ನಮ್ಮ ಉಪಗ್ರಹವನ್ನು ಸರಿಯಾದ ವೇಳೆಗೆ ಬಿಡಬೇಕಾಗಿದ್ದರಿಂದಲೇ ಆ ನೌಕೆ ರಾತ್ರಿಯಲ್ಲಿ ಮೇಲೇರಿತು. ಬಾಹ್ಯಾಕಾಶ ನೌಕೆಗಳ ಇತಿಹಾಸದಲ್ಲಿ ಅದೇ ಮೊದಲ ರಾತ್ರಿ ಉಡ್ಡಯನ. ಈ ಬಾರಿ ಸೌರಫಲಕ ಮುನಿಸಿಕೊಂಡಿತು. ಎಂಜಿನಿಯರುಗಳು ಹಲವು ದಿನ ಹೆಣಗಾಡಿದ ಮೇಲೆ ಸೆಪ್ಟೆಂಬರ್ ನಡುವಿನಲ್ಲಿ ಅದು ತೆರೆದುಕೊಂಡಿತು. ಅಕ್ಟೋಬರಿನಲ್ಲಿ ಉಪಗ್ರಹ ಸೇವೆಗೆ ಸಿದ್ಧವಾಯಿತು.

ಅದು ನಿಂತದ್ದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಭೂಪಟ ತೆಗೆದು ನೋಡಿ. ನಮ್ಮ ಕಾರವಾರ ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿದೆ. ಕಾರವಾರದಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದು, ಅದು ಸಮಭಾಜಕ ವೃತ್ತವನ್ನು ಮುಟ್ಟುವ ಜಾಗದ ನೆತ್ತಿಯ ಮೇಲೆ ಇನ್ಸಾಟ್-1ಬಿ ಇತ್ತು. ಅದನ್ನು ನಿಯಂತ್ರಿಸುತ್ತಿದ್ದವರೂ ಕರ್ನಾಟಕದಲ್ಲೇ ಇದ್ದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಲ್ಲಿ ಆರಂಭವಾದ ಪ್ರಧಾನ ನಿಯಂತ್ರಣ ಕೇಂದ್ರವೇ ಈ ವಠಾರದ ಬೀಗದ ಕೈ ಹಿಡಿದ ಮನೆ. ಉಪಗ್ರಹವನ್ನು ತನ್ನ ಜಾಗದಲ್ಲಿ ನಿಲ್ಲಿಸುವುದು, ಇಂಧನದ ಲೆಕ್ಕ ಇಡುವುದು, ಗ್ರಹಣ ಕಾಲದಲ್ಲಿ ಬ್ಯಾಟರಿ ನೋಡಿಕೊಳ್ಳುವುದು, ಎಲ್ಲ ಇಲಾಖೆಗಳ ಪರವಾಗಿ ಅಲ್ಲಿ ನಡೆಯುವ ಕೆಲಸ.

ಇದರ ಫಲವನ್ನು ನಮ್ಮ ಕ್ಷೇತ್ರ ಬೇಗನೆ ಕಂಡಿತು. 1984ರ ಕೆಲವೇ ತಿಂಗಳುಗಳಲ್ಲಿ ದೇಶದಲ್ಲಿ ನೂರಕ್ಕೂ ಹೆಚ್ಚು ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ತಲೆಯೆತ್ತಿದವು. ಉಪಗ್ರಹ ಕೊಟ್ಟದ್ದನ್ನು ಹಿಡಿದು ಊರಿಗೆ ಹಂಚುವುದಷ್ಟೇ ಅವುಗಳ ಕೆಲಸ. ಅದೇ ವರ್ಷದ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜು ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ ದೇಶವ್ಯಾಪಿ ತರಗತಿಯನ್ನು ಆರಂಭಿಸಿತು. ವಠಾರಕ್ಕೆ ಮತ್ತೊಬ್ಬ ಅತಿಥಿ.

ನೆರೆಯವರಿಂದ ದೊರೆತದ್ದು

ಇಷ್ಟರವರೆಗಿನ ಲಾಭವೆಲ್ಲ ಹಣದ ಉಳಿತಾಯ. ಬಾಡಿಗೆ ಕಡಿಮೆ ಎಂಬ ಲೆಕ್ಕ. ನಮ್ಮ ತಾಯಿ ಹೇಳುವ ಎರಡನೆಯ ಮಾತಿಗೆ ಈಗ ಬರೋಣ.

1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಭೀಕರ ಚಂಡಮಾರುತ ಬಡಿಯಿತು. ಸಮುದ್ರ ಊರುಗಳ ಮೇಲೆ ಹರಿಯಿತು. ಸುಮಾರು 10,000 ಜನ ಸತ್ತರು. ಆಗ ನಮ್ಮದೇ ಆದ ಭೂಸ್ಥಿರ ಉಪಗ್ರಹ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಾಳಿಗೆ ಕಂಬಗಳು ಉರುಳಿ ತಂತಿಗಳು ಹರಿದ ಮೇಲೆ ಊರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಚಂಡಮಾರುತವನ್ನು ಕಾಣುವುದು ಒಂದು ಕೆಲಸ. ಕಂಡದ್ದನ್ನು ಅದರ ದಾರಿಯಲ್ಲಿರುವ ಮನುಷ್ಯನ ಕಿವಿಗೆ ಮುಟ್ಟಿಸುವುದು ಬೇರೆಯೇ ಕೆಲಸ.

ಇನ್ಸಾಟ್‌ನಲ್ಲಿ ಈ ಎರಡೂ ಕೆಲಸಗಳ ಉಪಕರಣಗಳು ಒಂದೇ ಸೂರಿನಡಿ ಇದ್ದವು. ಮೋಡ ನೋಡುವ ಕಣ್ಣು ಹವಾಮಾನ ಇಲಾಖೆಯದು. ಎಸ್-ಬ್ಯಾಂಡ್ ಎಂಬ ಬಾಯಿ ಪ್ರಸಾರದವರದು. 1980ರ ದಶಕದ ಮಧ್ಯಭಾಗದಿಂದ ಇವೆರಡನ್ನೂ ಜೋಡಿಸಿ ಚಂಡಮಾರುತ ಎಚ್ಚರಿಕೆ ವ್ಯವಸ್ಥೆಯೊಂದನ್ನು ರೂಪಿಸಲಾಯಿತು. ಪೂರ್ವ ಕರಾವಳಿಯ ಸರ್ಕಾರಿ ಕಚೇರಿಗಳು ಮುಂತಾದ ಕಡೆ ವಿಶೇಷ ಗ್ರಾಹಕಗಳನ್ನು ಇಟ್ಟರು. ಅಪಾಯವಿರುವ ಪ್ರದೇಶದ ಗ್ರಾಹಕಗಳನ್ನು ಮಾತ್ರ ಆರಿಸಿ, ಮದ್ರಾಸಿನಿಂದ ಉಪಗ್ರಹದ ಮೂಲಕ ಎಚ್ಚರಿಸಬಹುದಿತ್ತು. ಮೊದಲು ಗಂಟೆ ಬಾರಿಸಿದಂತೆ ಸದ್ದು, ಆಮೇಲೆ ಆ ನಾಡಿನ ಭಾಷೆಯಲ್ಲಿ ಎಚ್ಚರಿಕೆಯ ಮಾತು. ನಡುವೆ ಉರುಳಿಬೀಳಲು ಕಂಬವೂ ಇಲ್ಲ, ಹರಿಯಲು ತಂತಿಯೂ ಇಲ್ಲ.

1990ರ ಮೇ 9ರಂದು ಅದೇ ಆಂಧ್ರ ಕರಾವಳಿಗೆ ಮತ್ತೊಂದು ಅತಿ ತೀವ್ರ ಚಂಡಮಾರುತ ಅಪ್ಪಳಿಸಿತು. ವಯಸ್ಸಾಗುತ್ತಿದ್ದ ಇನ್ಸಾಟ್-1ಬಿ ಅದನ್ನು ಕಡಲಿನಲ್ಲಿರುವಾಗಲೇ ಕಂಡಿತ್ತು, ಎಚ್ಚರಿಕೆ ಹೋಗಿತ್ತು, ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ತೆರವು ಮಾಡಿಸಲಾಗಿತ್ತು. ಆದರೂ ಸುಮಾರು ಸಾವಿರ ಜನ ತೀರಿಕೊಂಡರು. ಅದು ಸಣ್ಣ ಸಂಖ್ಯೆಯಲ್ಲ. ಆದರೆ ಹದಿಮೂರು ವರ್ಷ ಹಿಂದಿನ ಹತ್ತು ಸಾವಿರದ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕು. ಈ ಅಂತರದ ಯಶಸ್ಸೆಲ್ಲ ಉಪಗ್ರಹಕ್ಕೇ ಸಲ್ಲುತ್ತದೆ ಎಂದರೆ ತಪ್ಪಾದೀತು. ಆಶ್ರಯ ಮಂದಿರಗಳು, ರಸ್ತೆಗಳು, ಊರೂರು ಅಲೆದ ಸಿಬ್ಬಂದಿ, ಎಲ್ಲರ ಪಾಲೂ ಅದರಲ್ಲಿದೆ. ಆದರೆ ಕಂಡವರೂ ಕೂಗಿ ಹೇಳಬಲ್ಲವರೂ ಅಕ್ಕಪಕ್ಕದಲ್ಲಿ ಇದ್ದುದರಿಂದ ಅವರೆಲ್ಲರಿಗೂ ಕೆಲಸ ಮಾಡಲು ಸಮಯ ಸಿಕ್ಕಿತು ಎಂಬುದನ್ನು ಅಲ್ಲಗಳೆಯಲಾಗದು.

ಬೇರೆ ಮನೆ ಮಾಡಿದ ಮೇಲೆ

ಸಂಸಾರ ಬೆಳೆದಂತೆ ವಠಾರ ಸಾಲದಾಗುತ್ತದೆ. 1992ರ ಜುಲೈ 10ರಂದು ಹಾರಿದ ಇನ್ಸಾಟ್-2ಎ ನಮ್ಮವರೇ ಕಟ್ಟಿದ್ದು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿ ಸಮೀಪದ ಅದಮಾರಿನವರಾದ ಪ್ರೊ. ಯು.ಆರ್. ರಾವ್. ಆ ಉಪಗ್ರಹ ಸಂಕಟದಲ್ಲಿರುವ ಹಡಗು, ವಿಮಾನಗಳ ಕರೆ ಹಿಡಿಯುವ ಸಾಧನಕ್ಕೂ ಜಾಗ ಕೊಟ್ಟಿತು. ಆದರೆ ದೂರವಾಣಿ, ಟೆಲಿವಿಷನ್‌ಗಳ ಬೇಡಿಕೆ ಮುಂದೆ ಹೇಗೆ ಏರಿತೆಂದರೆ, ಬೇರೆ ಬೇರೆ ಮನೆ ಮಾಡುವುದೇ ಮೇಲೆಂದು ಕಂಡಿತು. 2002ರ ಸೆಪ್ಟೆಂಬರ್ 12ರಂದು ಹವಾಮಾನಕ್ಕೆಂದೇ ಮೀಸಲಾದ ಮೆಟ್‌ಸಾಟ್ ಮೇಲೇರಿತು. ಮರುವರ್ಷ ಗಗನಯಾತ್ರಿ ಕಲ್ಪನಾ ಚಾವ್ಲಾ ಮಡಿದ ಮೇಲೆ ಅದಕ್ಕೆ ಕಲ್ಪನಾ-1 ಎಂದು ಹೆಸರಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸಾಟ್ ಹೊರಟಿತು. 2024ರ ಫೆಬ್ರವರಿ 17ರಂದು ಉಡಾಯಿಸಿದ ಇನ್ಸಾಟ್-3ಡಿಎಸ್ ಎಂಬ ಹವಾಮಾನ ಉಪಗ್ರಹದ ವೆಚ್ಚವನ್ನು ಭೂವಿಜ್ಞಾನ ಸಚಿವಾಲಯವೇ ಪೂರ್ತಿಯಾಗಿ ಭರಿಸಿತು. ಸ್ವಂತ ಮನೆ, ಸ್ವಂತ ಖರ್ಚು.

ಹಾಗಾದರೆ ವಠಾರದ ದಿನಗಳು ಬಡತನದ ದಿನಗಳಷ್ಟೇ ಆಗಿದ್ದವೆ? ನನಗೆ ಹಾಗೆ ಅನಿಸುವುದಿಲ್ಲ. ಬೇರೆ ಮನೆ ಮಾಡಿದ ಮೇಲೂ ಹವಾಮಾನದವರ ಚಿತ್ರ ಪ್ರತಿ ಸಂಜೆ ನಮ್ಮ ವಾರ್ತೆಯಲ್ಲಿ ಬರುತ್ತದೆ. ಹಾಸನದ ಕೇಂದ್ರ ಈಗಲೂ ಹಲವು ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಒಂದು ಇಲಾಖೆಯ ಫೋನಿಗೆ ಇನ್ನೊಂದು ಇಲಾಖೆ ಮಧ್ಯರಾತ್ರಿಯಲ್ಲೂ ಉತ್ತರಿಸುವ ಅಭ್ಯಾಸ ಒಂದೇ ದಿನದಲ್ಲಿ ಬರುವಂಥದಲ್ಲ. ಒಂದೇ ಸೂರಿನಡಿ ಕಳೆದ ವರ್ಷಗಳಿಗೆ ಅದರಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ಕಾರ್ಯಕ್ರಮ ನೋಡಿದ ಮೇಲೆ ನಿಮ್ಮ ಊರಿನಲ್ಲೇ ಒಂದು ಸಣ್ಣ ಸಮೀಕ್ಷೆ ಮಾಡಿ. ನಿಮ್ಮ ಶಾಲೆಯ ಅಂಗಳವನ್ನು ಸಂಜೆ ಯಾರು ಬಳಸುತ್ತಾರೆ? ಚುನಾವಣೆಯ ದಿನ ಅದೇ ಕೊಠಡಿ ಏನಾಗುತ್ತದೆ? ಪ್ರವಾಹ ಬಂದಾಗ? ಬೀಗದ ಕೈ ಯಾರ ಬಳಿ ಇರುತ್ತದೆ? ಕರೆಂಟಿನ ಬಿಲ್ಲು ಯಾರು ಕಟ್ಟುತ್ತಾರೆ? ಒಡೆದ ಬೆಂಚನ್ನು ಯಾರು ಸರಿಪಡಿಸಬೇಕು? ಇನ್ಸಾಟ್ ಸಮನ್ವಯ ಸಮಿತಿಯ ಮುಂದೆ ಇದ್ದುವೂ ಮೂಲತಃ ಇವೇ ಪ್ರಶ್ನೆಗಳು. ನಿಮ್ಮ ಊರು ಅವಕ್ಕೆ ಕಂಡುಕೊಂಡ ಉತ್ತರವನ್ನು ಒಂದು ಪುಟದಲ್ಲಿ ಬರೆದು ನಮಗೆ ಕಳುಹಿಸಿ. ಮಾಲಿಕೆಯ ಕೊನೆಯ ಕಾರ್ಯಕ್ರಮದಲ್ಲಿ ಅವುಗಳಲ್ಲಿ ಕೆಲವನ್ನು ಓದಿ ಹೇಳುತ್ತೇವೆ.